ಬಾಸ್ ಗಿಟಾರ್ ಕಲಿಕೆಗೆ ಸ್ಕೇಲ್ ಏಕೆ ಬೇಕು?

ವಾದ್ಯಗೋಷ್ಠಿಯಲ್ಲಿ ಬಾಸ್ ಗಿಟಾರ್ ಎದ್ದು ಕೇಳಿಸುವುದು ಕಡಿಮೆ. ಆದರೆ ಅದರ ಸ್ವರ ತಪ್ಪಿದರೆ ಇಡೀ ಹಾಡೇ ಅಪಸ್ವರವೆನಿಸುತ್ತದೆ. ಒಂದೊಂದು ಹಾಡಿಗೂ ಬೆರಳಿಡುವ ಜಾಗವನ್ನಷ್ಟೇ ಬಾಯಿಪಾಠ ಮಾಡಿದವರು, ಗಾಯಕರು ಶ್ರುತಿ ಬದಲಿಸಿದ ಕೂಡಲೇ ತಡವರಿಸುತ್ತಾರೆ. ಸ್ಕೇಲ್ ಅಭ್ಯಾಸ ನೆರವಾಗುವುದು ಇಲ್ಲಿಯೇ.

ಪಾಶ್ಚಾತ್ಯ ಮೇಜರ್ ಸ್ಕೇಲ್‌ನ ಸ್ವರಸ್ಥಾನಗಳು ನಮ್ಮ ಶಂಕರಾಭರಣದವೇ. ಹಿಂದೂಸ್ತಾನಿಯಲ್ಲಿ ಇದು ಬಿಲಾವಲ್ ಥಾಟ್. ಸಂಗೀತ ಪಾಠದಲ್ಲಿ ಸರಳೆ ವರಸೆ ಮಾಡುವ ಕೆಲಸವನ್ನೇ ಬಾಸ್‌ನಲ್ಲಿ ಸ್ಕೇಲ್ ಮಾಡುತ್ತದೆ.

ಬಾಸ್‌ನ ನಾಲ್ಕು ತಂತಿಗಳು ಇ, ಎ, ಡಿ, ಜಿ. ಒಂದು ತಂತಿಗೂ ಮುಂದಿನದಕ್ಕೂ ಎಲ್ಲೆಡೆ 5 ಫ್ರೆಟ್‌ಗಳದ್ದೇ ಅಂತರ. ಹೀಗಾಗಿ ಒಮ್ಮೆ ಕಲಿತ ಬೆರಳಿನ ಜೋಡಣೆಯನ್ನು ಹಾಗೆಯೇ ಸರಿಸಿ ಬೇರೆ ಶ್ರುತಿಯಲ್ಲೂ ನುಡಿಸಬಹುದು. ಉದಾಹರಣೆಗೆ, ಇ ತಂತಿಯ 3ನೇ ಫ್ರೆಟ್ ಷಡ್ಜವಾದರೆ ಎ ತಂತಿಯ 2ನೇ ಫ್ರೆಟ್ ಗಾಂಧಾರ, 5ನೇ ಫ್ರೆಟ್ ಪಂಚಮ. ಡಿ ತಂತಿಯ 5ನೇ ಫ್ರೆಟ್ ಮೇಲಿನ ಷಡ್ಜ. ಷಡ್ಜ 5ನೇ ಫ್ರೆಟ್‌ಗೆ ಸರಿದರೆ ಉಳಿದವೂ ಎರಡೆರಡು ಫ್ರೆಟ್ ಮುಂದೆ ಹೋಗುತ್ತವೆ, ಅಷ್ಟೇ.

ಮೇಜರ್ ಕಾರ್ಡ್ ಎಂದರೆ ಇದೇ ಸ, ಗ, ಪ. ಕಾರ್ಡ್ ಬದಲಾಗುವಾಗ ಅದರ ಮೂಲಸ್ವರವನ್ನು ಹಿಡಿಯುವುದು ಬಾಸ್‌ನ ಮೊದಲ ಕರ್ತವ್ಯ. ಒಂದು ಮೂಲಸ್ವರದಿಂದ ಇನ್ನೊಂದಕ್ಕೆ ನಡೆದುಹೋಗಲು ಸ್ಕೇಲ್‌ನ ಉಳಿದ ಸ್ವರಗಳು ಮೆಟ್ಟಿಲಾಗುತ್ತವೆ.

ಆದರೆ ಸ್ಕೇಲ್ ಬರೀ ಬೆರಳಿನ ಕಸರತ್ತಾಗಬಾರದು. ಮೆಟ್ರೊನೋಮ್ ಇಟ್ಟು ನಿಧಾನವಾಗಿ, ಸ್ವರಗಳನ್ನು ಬಾಯಲ್ಲಿ ಹೇಳುತ್ತಾ ನುಡಿಸಬೇಕು. ಆಗ ಕಿವಿಯೂ ಬೆರಳೂ ಒಟ್ಟಿಗೆ ಕಲಿಯುತ್ತವೆ.