ವಾಯಿದೆ ತಪ್ಪಿದರೆ ವಾರಂಟ್

‘ನಿಮ್ಮ ಮೇಲೆ ವಾರಂಟ್ ಇದೆ’ ಎಂದು ಪೊಲೀಸರೊಬ್ಬರು ಮನೆ ಬಾಗಿಲಿಗೆ ಬಂದರೆ ಸಾಕು, ಓಣಿಯ ಜನ ಆಗಲೇ ತೀರ್ಪು ಕೊಟ್ಟುಬಿಡುತ್ತಾರೆ. ಕೋರ್ಟ್ ಮಾತ್ರ ಇನ್ನೂ ಏನನ್ನೂ ತೀರ್ಮಾನಿಸಿರುವುದಿಲ್ಲ. ‘ಈ ವ್ಯಕ್ತಿಯನ್ನು ನನ್ನ ಮುಂದೆ ಕರೆತನ್ನಿ’ ಎಂದು ನ್ಯಾಯಾಧೀಶರು ಕೊಡುವ ಲಿಖಿತ ಆದೇಶವೇ ಬಂಧನ ವಾರಂಟ್.

ತನಿಖೆಗೆ ಸಿಗದೆ ತಲೆಮರೆಸಿಕೊಂಡವರ ಮೇಲೆ ವಾರಂಟ್ ಹೊರಡುವುದು ಎಲ್ಲರಿಗೂ ಗೊತ್ತು. ಸಾಮಾನ್ಯ ಕುಟುಂಬಗಳಿಗೆ ಅದು ಬರುವ ದಾರಿ ಬೇರೆ. ಚೆಕ್ ಬೌನ್ಸ್ ಪ್ರಕರಣವನ್ನೇ ನೋಡಿ. ಅದು ಜಾಮೀನು ಸಿಗುವಂಥ ಅಪರಾಧ. ಆದರೂ ಎಷ್ಟೋ ಆರೋಪಿಗಳು ‘ವಕೀಲರು ನೋಡಿಕೊಳ್ಳುತ್ತಾರೆ’ ಎಂದು ವಾಯಿದೆಗೆ ಹೋಗುವುದಿಲ್ಲ. ಕೆಲವರು ಊರು ಬಿಟ್ಟು ಬೆಂಗಳೂರು ಸೇರಿರುತ್ತಾರೆ, ಸಮನ್ಸ್ ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತದೆ. ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಅದಕ್ಕೂ ಬಾರದಿದ್ದರೆ ಜಾಮೀನುರಹಿತ ವಾರಂಟ್. ಸಾಮಾನ್ಯವಾಗಿ ಈ ಮೆಟ್ಟಿಲುಗಳನ್ನು ಪಾಲಿಸಬೇಕು, ಸ್ವಾತಂತ್ರ್ಯದ ಪ್ರಶ್ನೆಯಾದ್ದರಿಂದ ವಾರಂಟನ್ನು ಯಾಂತ್ರಿಕವಾಗಿ ಹೊರಡಿಸಬಾರದು ಎಂದು 2007ರ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಜಾಮೀನು ಸಹಿತ ವಾರಂಟಿನಲ್ಲಿ ಮೊತ್ತ ಮತ್ತು ಹಾಜರಾಗಬೇಕಾದ ದಿನ ಬರೆದಿರುತ್ತದೆ. ಮುಚ್ಚಳಿಕೆ, ಜಾಮೀನುದಾರರನ್ನು ಕೊಟ್ಟರೆ ಪೊಲೀಸರೇ ಬಿಡುತ್ತಾರೆ. ಜಾಮೀನುರಹಿತ ವಾರಂಟಿನಲ್ಲಿ ಬಿಡುವ ಅಧಿಕಾರ ಪೊಲೀಸರಿಗಿಲ್ಲ, ಅದೇನಿದ್ದರೂ ಕೋರ್ಟಿನದು.

ಹಳತಾದರೂ ಸಾಯದು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 72ರ ಪ್ರಕಾರ, ಜಾರಿಯಾಗುವವರೆಗೆ ಅಥವಾ ಕೋರ್ಟ್ ರದ್ದುಪಡಿಸುವವರೆಗೆ ವಾರಂಟ್ ಜೀವಂತ. ಹತ್ತು ವರ್ಷ ಕಳೆದರೂ ತಾನಾಗಿ ಬಿದ್ದುಹೋಗುವುದಿಲ್ಲ. ದೇಶದ ಯಾವ ಮೂಲೆಯಲ್ಲೂ ಜಾರಿ ಮಾಡಬಹುದು. ವಿದೇಶಕ್ಕೆ ಹೊರಟವರಿಗೆ ಪಾಸ್‌ಪೋರ್ಟ್ ಪರಿಶೀಲನೆಯ ಹೊತ್ತಿಗೆ ಇದು ಅಡ್ಡ ಬರಬಹುದು. ಬಂಧನ ವಾರಂಟ್ ಬಾಕಿ ಇರುವುದು ಪಾಸ್‌ಪೋರ್ಟ್ ನಿರಾಕರಿಸಲು 1967ರ ಕಾಯ್ದೆಯಲ್ಲೇ ಹೇಳಿರುವ ಕಾರಣ. ಇನ್ನೂ ತಪ್ಪಿಸಿಕೊಂಡರೆ ಕೋರ್ಟ್ ಉದ್ಘೋಷಣೆ ಹೊರಡಿಸಿ, ಆಸ್ತಿ ಜಪ್ತಿಗೂ ಆದೇಶಿಸಬಹುದು.

ಏನು ಮಾಡಬೇಕು?

ವಾರಂಟ್ ಇರುವುದು ತಿಳಿದ ಕೂಡಲೇ ಪ್ರಕರಣದ ಸಂಖ್ಯೆ, ಕೋರ್ಟ್, ಮುಂದಿನ ದಿನಾಂಕ ತಿಳಿದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಹಾಕಿಯೂ ಹುಡುಕಬಹುದು. ಮುಂದಿನ ವಾಯಿದೆಯವರೆಗೆ ಕಾಯಬೇಕಿಲ್ಲ. ವಕೀಲರ ಮೂಲಕ ಪ್ರಕರಣವನ್ನು ಮುಂಚಿತವಾಗಿ ತೆಗೆಸಿಕೊಂಡು, ಖುದ್ದಾಗಿ ಹಾಜರಾಗಿ, ವಾರಂಟ್ ರದ್ದು ಕೋರುವ ರೀಕಾಲ್ ಅರ್ಜಿ ಹಾಕಿ. ಆಸ್ಪತ್ರೆಯ ಚೀಟಿ, ವಿಳಾಸ ಬದಲಾದ ದಾಖಲೆ, ಹೀಗೆ ಗೈರಾದ ಕಾರಣಕ್ಕೆ ಪುರಾವೆ ಜೊತೆಗಿರಲಿ. ಕೋರ್ಟ್ ದಂಡ ಹಾಕಬಹುದು, ಹೊಸ ಜಾಮೀನು ಕೇಳಬಹುದು. ಆದ್ದರಿಂದ ಜಾಮೀನುದಾರರನ್ನು ಅವರ ದಾಖಲೆಗಳೊಂದಿಗೆ ಅವತ್ತೇ ಕರೆದುಕೊಂಡು ಹೋಗುವುದು ಜಾಣತನ. ರದ್ದಾದ ಮೇಲೆ ಆದೇಶದ ಪ್ರತಿ ಪಡೆದು ಠಾಣೆಗೂ ಒಂದು ಕೊಡಿ. ಪೊಲೀಸರ ಕೈಗೆ ಹಳೆಯ ಕಾಗದವೇ ಉಳಿದು ಮತ್ತೆ ತೊಂದರೆಯಾಗಬಾರದು.

ಪೊಲೀಸರು ಬಂದೇ ಬಿಟ್ಟರೆ? ಜಗಳ ಬೇಡ, ಓಟವೂ ಬೇಡ. ವಾರಂಟ್ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಅದರಲ್ಲಿ ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು ಇರಬೇಕು. ಹೆಸರು, ತಂದೆಯ ಹೆಸರು, ವಿಳಾಸ ನಿಮ್ಮದೇ ಎಂದು ನೋಡಿಕೊಳ್ಳಿ. ಬಂಧನದ ಸುದ್ದಿ ಮನೆಯವರಿಗೆ ತಲುಪಬೇಕು. ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದ ಹೊರತು, ಮಹಿಳೆಯರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಬಂಧಿಸುವಂತಿಲ್ಲ.

ವಿಡಿಯೊ ಕರೆಯಲ್ಲಿ ವಾರಂಟ್ ತೋರಿಸಿ ಹಣ ಕೇಳುವವರು ಮಾತ್ರ ಶುದ್ಧ ವಂಚಕರು. ‘ಡಿಜಿಟಲ್ ಅರೆಸ್ಟ್’ ನಮ್ಮ ಕಾನೂನಿನಲ್ಲೇ ಇಲ್ಲ. ಕರೆ ಕತ್ತರಿಸಿ, 1930ಕ್ಕೆ ದೂರು ಕೊಡಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಅಡಗಿ ಕೂರಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿದರೆ ಉಚಿತ ನೆರವಿನ ದಾರಿ ತಿಳಿಯುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯೂ ಇಲ್ಲ. ಎಲ್ಲೋ ಹಳೆಯ ಕೇಸೊಂದು ಬಾಕಿ ಇದೆ ಎಂಬ ಅನುಮಾನವಿದ್ದರೆ ಈ ವಾರವೇ ವಿಚಾರಿಸಿ. ಪೊಲೀಸರು ಕರೆದೊಯ್ಯುವ ಮೊದಲು ನೀವಾಗಿಯೇ ಕೋರ್ಟಿನ ಮೆಟ್ಟಿಲು ಹತ್ತಿ.