ಒಂದೇ ಸಂಬಳದ ಐದು ತಿಂಗಳು

ಕಳೆದ ವರ್ಷ ಜೂನ್ ತಿಂಗಳ ಒಂದು ಶುಕ್ರವಾರ ನಮ್ಮ ಯಜಮಾನರು ಮಧ್ಯಾಹ್ನವೇ ಮನೆಗೆ ಬಂದರು. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಇರಲಿಲ್ಲ. ಐಟಿಯಲ್ಲಿರುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಪುಣೆಯ ವಾಕಡ್‌ನಲ್ಲಿ ಎರಡು ಬೆಡ್‌ರೂಮಿನ ಮನೆ, ಅದರ ಕಂತು, ಮಗಳ ಶಾಲೆ ಫೀ, ಗದಗಿನಲ್ಲಿರುವ ಅಪ್ಪ-ಅವ್ವನಿಗೆ ತಿಂಗಳಿಗೆ ಹತ್ತು ಸಾವಿರ. ಎರಡು ಸಂಬಳದ ಮೇಲೆ ನಿಂತಿದ್ದ ಸಂಸಾರ ಒಂದರ ಮೇಲೆ ನಿಲ್ಲಬೇಕಾಯಿತು. ಐದು ತಿಂಗಳು ಹೇಗೆ ತೂಗಿಸಿದಿರಿ ಎಂದು ಗೆಳತಿಯರು ಈಗಲೂ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ನಮ್ಮ ಕಸುಬಿನವರೆಲ್ಲ ಮಾಡುವ ಕೆಲಸ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಎಕ್ಸೆಲ್‌ಗೆ ಹಾಕಿದೆ. ಕಂತು, ಫೀ ದೊಡ್ಡವೆಂದು ಗೊತ್ತೇ ಇತ್ತು. ಗೊತ್ತಿಲ್ಲದಿದ್ದದ್ದು ಮೊಬೈಲಿನಲ್ಲಿ ತರಿಸಿದ ಸಾಮಾನಿನ ಲೆಕ್ಕ. ಮೇ ತಿಂಗಳೊಂದರಲ್ಲೇ 43 ಆರ್ಡರ್, ಒಟ್ಟು 11,400 ರೂಪಾಯಿ. ಕೊತ್ತಂಬರಿ ಸೊಪ್ಪು ಬೇಕೆಂದು ತೆರೆದ ಆ್ಯಪಿನಲ್ಲಿ ಐಸ್‌ಕ್ರೀಮು, ಚಿಪ್ಸು, ಇನ್ನೊಂದು ಡಬ್ಬಿ ಚೀಸು. ಡೆಲಿವರಿ ಫ್ರೀ ಆಗಲಿ ಎಂದು ಕೊಂಡ ಪದಾರ್ಥಗಳೇ ಅರ್ಧ! ಆ್ಯಪನ್ನು ತೆಗೆದುಹಾಕಲಿಲ್ಲ, ಅಷ್ಟು ವೈರಾಗ್ಯ ನನಗಿಲ್ಲ. ಅದರಲ್ಲಿ ಸೇವ್ ಆಗಿದ್ದ ಕಾರ್ಡ್ ಮಾತ್ರ ಅಳಿಸಿದೆ. ಪ್ರತಿ ಸಲ ಹದಿನಾರು ಅಂಕಿ ಒತ್ತಬೇಕೆಂದರೆ ಐಸ್‌ಕ್ರೀಮಿನ ಆಸೆ ತಾನಾಗಿಯೇ ಕರಗುತ್ತದೆ.

ಊಟದ ವಿಷಯದಲ್ಲಿ ನಾವು ಉತ್ತರ ಕರ್ನಾಟಕದವರು ಪುಣೆಯಲ್ಲಿ ಪುಣ್ಯವಂತರು. ವಿಜಯಪುರದ ಕಡೆ ಬೆಳೆಯುವ ಮಾಲದಂಡಿ ಜೋಳವೇ ಸೋಲಾಪುರದಲ್ಲೂ ಬೆಳೆಯುತ್ತದೆ, ಇಲ್ಲಿಗೂ ಬರುತ್ತದೆ. ಪ್ಯಾಕೆಟ್ ಹಿಟ್ಟು ಬಿಟ್ಟು ಹತ್ತು ಕಿಲೋ ಜೋಳ ತಂದು ಗಿರಣಿಯಲ್ಲಿ ಬೀಸಿಸಿದೆ. ಹಿಟ್ಟು ಹೊಸದಾಗಿದ್ದರೆ ರೊಟ್ಟಿ ಬಿರಿಯುವುದಿಲ್ಲ, ನಾದಲೂ ಸುಲಭ. ಹನ್ನೆರಡು ವರ್ಷದಿಂದ ನನಗೆ ರೊಟ್ಟಿ ಬರುವುದಿಲ್ಲ ಎಂದುಕೊಂಡಿದ್ದೆ. ತಪ್ಪು ಹಳೆಯ ಹಿಟ್ಟಿನದು. ತರಕಾರಿಗೆ ಶನಿವಾರ ಸಂಜೆ ನಾವಿಬ್ಬರೂ ಮಹಾತ್ಮ ಫುಲೆ ಮಂಡಈಗೆ ಹೋಗುತ್ತಿದ್ದೆವು. ವಾಕಡ್‌ನಿಂದ ದೂರ, ಹಾಗಾಗಿ ವಾರಕ್ಕೊಮ್ಮೆ ಒಂದೇ ಸುತ್ತು, ಅದೂ ಬಸ್ಸಿನಲ್ಲಿ. ಕಾರಿನಲ್ಲಿ ಹೋದರೆ ಉಳಿಸಿದ್ದು ಪೆಟ್ರೋಲಿಗೇ ಹೋಗುತ್ತದೆ.

ಕರೆಂಟ್ ಬಿಲ್ಲಿನಲ್ಲಿ ನೋಡಬೇಕಾದ್ದು ಸ್ಲ್ಯಾಬ್. ಮಹಾರಾಷ್ಟ್ರದಲ್ಲಿ 100 ಯೂನಿಟ್ ದಾಟಿದರೆ ಒಂದು ದರ, 300 ದಾಟಿದರೆ ಇನ್ನೊಂದು. ನಾವು ತಿಂಗಳಾ 330ರ ಆಸುಪಾಸು ಇದ್ದೆವು. ದುಬಾರಿ ದರ ಬೀಳುತ್ತಿದ್ದುದು ಮೇಲಿನ ಆ ಮೂವತ್ತಕ್ಕೆ. ಎಸಿಯನ್ನು 20ರಿಂದ 26ಕ್ಕೆ ಏರಿಸಿ ಫ್ಯಾನ್ ಹಾಕಿಕೊಂಡೆವು, ಗೀಸರ್ ಸ್ವಿಚ್ ಆರಿಸುವ ಜವಾಬ್ದಾರಿ ಮಗಳದಾಯಿತು. ಮೂವತ್ತು ಯೂನಿಟ್ ಅಷ್ಟಕ್ಕೇ ಇಳಿಯಿತು. ಬಿಎಲ್‌ಡಿಸಿ ಫ್ಯಾನ್ ಕೊಳ್ಳಿ ಎಂದು ಎಲ್ಲರೂ ಹೇಳಿದರು. ಹಳೆಯದು 75 ವ್ಯಾಟ್, ಇದು 30ರ ಆಸುಪಾಸು. ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ, ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೆ 160 ರೂಪಾಯಿ. ಮೂರು ಸಾವಿರದ ಫ್ಯಾನಿನ ಅಸಲು ಬರಲು ಒಂದೂವರೆ ವರ್ಷಕ್ಕಿಂತ ಹೆಚ್ಚು. ಒಳ್ಳೆಯ ವಸ್ತುವೇ, ಆದರೆ ಕೈಯಲ್ಲಿ ದುಡ್ಡಿಲ್ಲದಾಗ ಉಳಿಸುವುದಕ್ಕೆಂದು ಖರ್ಚು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಳೆಯದು ಕೆಟ್ಟ ದಿನ ನೋಡೋಣ ಎಂದೆ.

ಮೂರನೇ ತಿಂಗಳು ಕ್ರೆಡಿಟ್ ಕಾರ್ಡಿನ ಬಿಲ್ ಪೂರ್ತಿ ಕಟ್ಟಲಾಗದ ಸ್ಥಿತಿ ಬಂತು. ಮಿನಿಮಮ್ ಕಟ್ಟಿಬಿಡೋಣ ಎಂದರು ಇವರು. ಉಳಿದ ಬಾಕಿಗೆ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್, ಅಂದರೆ ವರ್ಷಕ್ಕೆ 42, ಮೇಲೆ ಜಿಎಸ್‌ಟಿ. ನಮ್ಮ ಎಫ್‌ಡಿ ಗಳಿಸುತ್ತಿದ್ದುದು ಏಳು. ಮಗಳ ಹೆಸರಿನಲ್ಲಿಟ್ಟಿದ್ದೇವೆ ಎನ್ನುವ ಮಮಕಾರ ಬಿಟ್ಟು ಮರುದಿನವೇ ಎಫ್‌ಡಿ ಮುರಿಸಿದೆ. ಆ ದಿನ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಕೆಲಸದ ಬಾಯಿಯನ್ನು ಬಿಡಿಸಿ ಎಂದು ಸಲಹೆ ಕೊಟ್ಟವರೂ ಇದ್ದರು. ಆಕೆಯದೂ ಒಂದೇ ಸಂಬಳದ ಮನೆ. ಬಿಡಿಸಲಿಲ್ಲ.

ಊರಿಗೆ ಕಳಿಸುವ ಹತ್ತು ಸಾವಿರವನ್ನೂ ಮುಟ್ಟಲಿಲ್ಲ. ಫೋನಿನಲ್ಲಿ ವಿಷಯ ಹೇಳಿದ್ದೆ, ಅಷ್ಟೇ. ಸೆಪ್ಟೆಂಬರಿನಲ್ಲಿ ಅವ್ವ ಬಂದಳು. ಚೀಲದ ತುಂಬ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕಟಕ ರೊಟ್ಟಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನನ್ನ ಕೈಗೊಂದು ಲಕೋಟೆ ಇಟ್ಟಳು. ಒಂಬತ್ತು ಸಾವಿರ ಇತ್ತು.

"ನಿಮ್ಮಪ್ಪ ಕೊಟ್ಟಾರ. ಅಳಿಯಾರಿಗೆ ಹೇಳಬ್ಯಾಡ ಅಂದಾರ."

"ಎಲ್ಲಿಂದ ಬಂತವ್ವಾ ಇಷ್ಟು?"

ಹಾಲು ಅರ್ಧ ಲೀಟರ್ ಕಡಿಮೆ ಮಾಡಿದ್ದರು, ಪೇಪರ್ ಬಿಡಿಸಿದ್ದರು. ಆಮೇಲೆ ಸ್ವಲ್ಪ ತಡೆದು ಹೇಳಿದಳು: "ಬಿಪಿ ಗುಳಿಗಿ ಅರ್ಧ ಅರ್ಧ ಮುರದು ತಗೋಳಾಕ ಹತ್ಯಾರ. ನಾ ಹೇಳಿದ್ರ ಕೇಳಂಗಿಲ್ಲ. ನೀನರ ಹೇಳು."

ಆ ಹೊತ್ತಿನಲ್ಲೇ ಫೋನ್ ಮಾಡಿದೆ. ಅಪ್ಪ ಎಚ್ಚರವಾಗಿಯೇ ಇದ್ದರು. "ನನಗೇನ್ ಆಗೇತವಾ, ಆರಾಮ ಅದೇನಿ. ನಿಂದು ಕಂತು ಐತಲ್ಲ," ಎಂದರು. ಏನೇನೋ ಹೇಳಬೇಕೆಂದುಕೊಂಡಿದ್ದೆ, ಬರೀ ಅತ್ತೆ.

ಮರುವಾರ ರಜೆ ಹಾಕಿ ಅವ್ವನ ಜೊತೆ ಗದಗಿಗೆ ಹೋದೆ. ಬಿಪಿ ಏರಿತ್ತು, ಪುಣ್ಯಕ್ಕೆ ಮತ್ತೇನೂ ಆಗಿರಲಿಲ್ಲ. ಡಾಕ್ಟರಿಗೆ ನಡೆದದ್ದನ್ನು ಹೇಳಿ, ಬ್ರ್ಯಾಂಡ್ ಬದಲು ಔಷಧದ ಮೂಲ ಹೆಸರಿನಲ್ಲೇ ಚೀಟಿ ಬರೆಸಿಕೊಂಡೆ. ಜನೌಷಧಿ ಕೇಂದ್ರದಲ್ಲಿ ಅದೇ ಗುಳಿಗೆ, ಅದೇ ಮಿಲಿಗ್ರಾಂ, ಮೊದಲಿನ ಅರ್ಧಕ್ಕಿಂತಲೂ ಕಡಿಮೆ ಬೆಲೆಗೆ ಸಿಕ್ಕಿತು. ಎಕ್ಸೆಲ್‌ನಲ್ಲಿ ಅಷ್ಟೆಲ್ಲ ಸಾಲು ಬರೆದವಳು ಅಪ್ಪನ ಗುಳಿಗೆಯ ಬೆಲೆ ಎಷ್ಟೆಂದು ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ.

ನವೆಂಬರಿನಲ್ಲಿ ಇವರಿಗೆ ಕೆಲಸ ಸಿಕ್ಕಿತು. ಲಕೋಟೆ ಹಾಗೇ ಬೀರುವಿನಲ್ಲಿದೆ. ಅಪ್ಪ ಪ್ರತಿ ತಿಂಗಳು ಜನೌಷಧಿಯ ಬಿಲ್ಲಿನ ಫೋಟೋ ವಾಟ್ಸ್ಯಾಪ್ ಮಾಡುತ್ತಾರೆ. ಅವ್ವ ರವಿವಾರಕ್ಕೊಮ್ಮೆ ಉಳಿದ ಗುಳಿಗೆ ಎಣಿಸಿ ನನಗೆ ಲೆಕ್ಕ ಒಪ್ಪಿಸುತ್ತಾಳೆ.