ಡಾಂಬರು ರಸ್ತೆಯ ಮೇಲೆ ಹಳೆಯ ಫಿಯೆಟ್

ಮಳವಳ್ಳಿಯಿಂದ ಬನ್ನೂರಿನ ಮಾರ್ಗವಾಗಿ ಮೈಸೂರಿಗೆ ಹೋಗುವವರು ಕಿರುಗಾವಲನ್ನು ಹಾದುಹೋಗುತ್ತಾರೆ. ಸುತ್ತಲೂ ನಾಲೆಯ ನೀರುಂಡ ಬಯಲು. ಭತ್ತ, ಕಬ್ಬು, ಅಲ್ಲಲ್ಲಿ ತೆಂಗು. ನೂರಾರು ಭತ್ತದ ತಳಿಗಳನ್ನು ಜೋಪಾನವಾಗಿ ಉಳಿಸಿಕೊಂಡು ಬಂದ ರೈತರೂ ಇಲ್ಲಿದ್ದಾರೆ. ಈ ರಸ್ತೆಯಲ್ಲಿ ಮೋಟಾರು ಸ್ಪರ್ಧೆ ನಡೆಯುತ್ತದೆಂದು ನಾವು ಹೇಳುವುದಿಲ್ಲ. ನಡೆಯದಿರುವುದೇ ಮೇಲು ಎಂಬುದು ಲೇಖನವನ್ನು ಓದಿದವರಿಗೆ ತಿಳಿದೀತು. ಆದರೆ ಒಂದು ಹಳೆಯ ಇಟಲಿಯ ಮೋಟಾರು ಡಾಂಬರು ರಸ್ತೆಯ ಮೇಲೆ ಸ್ಪರ್ಧೆಗೆ ಇಳಿದಾಗ ಏನೇನು ನಡೆಯುತ್ತದೆ ಎಂಬುದನ್ನು ಅರಿಯಲು, ಕಂಡು ಬಲ್ಲ ರಸ್ತೆಯೊಂದನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಅನುಕೂಲ.

ಇಟಲಿಯ ಮೋಟಾರು ಎಂದೊಡನೆ ಫೆರಾರಿಯನ್ನು ನೆನೆಯಬೇಕಾಗಿಲ್ಲ. ನಮ್ಮ ಅಜ್ಜಂದಿರ ಕಾಲದ ಬಾಡಿಗೆ ಕಾರು ‘ಪದ್ಮಿನಿ’ ಇಟಲಿಯದೇ ಸಂತಾನ. ತೂರಿನ್ ನಗರದ ಫಿಯೆಟ್ ಸಂಸ್ಥೆ ರೂಪಿಸಿದ 1100 ಎಂಬ ಮಾದರಿಯನ್ನು ಮುಂಬಯಿಯ ಪ್ರೀಮಿಯರ್ ಕಾರ್ಖಾನೆ ಇಲ್ಲಿ ತಯಾರಿಸಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದಿತು. ಈ ಕಾರ್ಖಾನೆಯನ್ನು 1944ರಲ್ಲಿ ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದ್ ಅವರೇ 1940ರಲ್ಲಿ ಮೈಸೂರು ಸರಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರು. ನಮ್ಮ ದೇಶದಲ್ಲಿ ಮೋಟಾರುಗಳು ತಯಾರಾಗಬೇಕೆಂದು ಅದಕ್ಕೂ ಮೊದಲೇ ಯೋಜನೆ ಹಾಕಿ, ಯೂರೋಪು ಅಮೆರಿಕಗಳನ್ನು ಸುತ್ತಿ ಬಂದವರು ವಿಶ್ವೇಶ್ವರಯ್ಯನವರು. ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾಗಿದ್ದ ಕಡೆಯ ಪದ್ಮಿನಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಮದರಾಸಿನ ಬಳಿಯ ಶೋಲಾವರಂ ವಿಮಾನ ಓಡುದಾರಿಯ ಪಂದ್ಯಗಳಲ್ಲಿ ಈ ಫಿಯೆಟ್‌ಗಳು ಬಹುಕಾಲ ಓಡಿದ್ದುವು.

ಪಂದ್ಯ ಬೇರೆ, ರ‍್ಯಾಲಿ ಬೇರೆ. ಪಂದ್ಯದಲ್ಲಿ ಎಲ್ಲರೂ ಒಟ್ಟಿಗೆ ಹೊರಟು ಒಂದೇ ಸುತ್ತುದಾರಿಯನ್ನು ಮತ್ತೆ ಮತ್ತೆ ಸುತ್ತುತ್ತಾರೆ. ರ‍್ಯಾಲಿಯಲ್ಲಿ ಒಂದೊಂದೇ ಗಾಡಿ ನಿಮಿಷಕ್ಕೋ ಎರಡು ನಿಮಿಷಕ್ಕೋ ಒಂದರಂತೆ ಹೊರಡುತ್ತದೆ. ಎದುರಾಳಿ ಎಂದರೆ ಗಡಿಯಾರ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಗಳು ಮಣ್ಣುದಾರಿಯವು. ಮಣ್ಣಿನ ಮೇಲೆ ಟೈರು ನೆಲವನ್ನು ಅಗೆದು ಹಿಡಿತ ಪಡೆಯುತ್ತದೆ. ಗಾಡಿಯನ್ನು ಬೇಕೆಂದೇ ಅಡ್ಡಡ್ಡ ಜಾರಿಸುವುದು ಅಲ್ಲಿಯ ಜಾಣತನ. ಡಾಂಬರಿನ ಮೇಲೆ ಈ ಆಟ ಸಲ್ಲದು. ಜಾರಿದಷ್ಟೂ ವೇಗ ನಷ್ಟ, ರಬ್ಬರು ನಷ್ಟ. ಹಿಡಿತವಿರುವವರೆಗೆ ಅದು ಬಲವಾಗಿರುತ್ತದೆ. ತಪ್ಪಿದರೆ ಒಮ್ಮೆಗೇ ತಪ್ಪುತ್ತದೆ.

ಆ ಹಿಡಿತ ಎಷ್ಟು ಜಾಗದಲ್ಲಿದೆ? ಪದ್ಮಿನಿಯ ತೂಕ ಸುಮಾರು 900 ಕಿಲೋಗ್ರಾಂ. ಇಬ್ಬರು ಕುಳಿತರೆ 1050 ಎನ್ನೋಣ. ಟೈರಿನ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 1.75 ಕಿಲೋಗ್ರಾಂ ಇದ್ದರೆ, ಈ ಭಾರವನ್ನು ಹೊರಲು ಸುಮಾರು 600 ಚದರ ಸೆಂಟಿಮೀಟರು ಜಾಗ ಸಾಕು. ನಾಲ್ಕು ಗಾಲಿಗಳಿಗೆ ಹಂಚಿದರೆ ಒಂದೊಂದಕ್ಕೆ 150; ಎಂದರೆ ಒಂದು ಅಂಗೈಯಗಲ. ತಿರುಗುವುದು, ನಿಲ್ಲುವುದು, ಮುನ್ನುಗ್ಗುವುದು ಎಲ್ಲವೂ ಈ ನಾಲ್ಕು ಅಂಗೈಗಳ ಮೇಲೆಯೇ ನಡೆಯಬೇಕು.

ಕಿರುಗಾವಲಿನ ಗದ್ದೆಯಂಚಿನಲ್ಲಿ 50 ಮೀಟರು ತ್ರಿಜ್ಯದ ತಿರುವೊಂದಿದೆಯೆಂದು ಭಾವಿಸಿರಿ. ಗಾಡಿ ತನ್ನಷ್ಟಕ್ಕೆ ನೇರವಾಗಿ ಹೋಗಬಯಸುತ್ತದೆ. ಅದನ್ನು ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲವನ್ನು ಒದಗಿಸತಕ್ಕದ್ದು ಟೈರಿನ ಘರ್ಷಣೆಯೊಂದೇ. ಬೇಕಾದ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಒಣ ಡಾಂಬರಿನ ಮೇಲೆ ಹಳೆಯ ಮಾದರಿಯ ಕಿರಿದಾದ ಟೈರಿನ ಘರ್ಷಣಾಂಕ 0.7 ಎಂದು ಹಿಡಿದು, ಅದನ್ನು ಗುರುತ್ವದ 9.8ರಿಂದಲೂ 50ರಿಂದಲೂ ಗುಣಿಸಿದರೆ 343. ಅದರ ವರ್ಗಮೂಲ 18.5. ಸೆಕೆಂಡಿಗೆ 18.5 ಮೀಟರು ಎಂದರೆ ಗಂಟೆಗೆ ಸುಮಾರು 67 ಕಿಲೋಮೀಟರು. ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿದರೆ ಅದೇ ತಿರುವಿನ ಮಿತಿ 50. ಗದ್ದೆಯಿಂದ ಬಂದ ಟ್ರ್ಯಾಕ್ಟರು ಕೆಸರು ಉದುರಿಸಿ ಹೋಗಿದ್ದರೆ ಲೆಕ್ಕ ಇನ್ನೂ ಕೆಳಕ್ಕೆ.

ಈ ಲೆಕ್ಕದಲ್ಲಿ ಗಾಡಿಯ ತೂಕ ಎಲ್ಲಿಯೂ ಬರಲಿಲ್ಲವಲ್ಲಾ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ತೂಕ ಹೆಚ್ಚಿದಂತೆ ಬೇಕಾದ ಬಲವೂ ಘರ್ಷಣೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಅದು ಹೊಡೆದುಹೋಗುತ್ತದೆ. ಇದು ಪಠ್ಯಪುಸ್ತಕದ ಮಾತು. ರಬ್ಬರು ಪಠ್ಯಪುಸ್ತಕಕ್ಕೆ ಪೂರ್ತಿ ವಿಧೇಯವಲ್ಲ. ಡಾಂಬರಿನ ಜಲ್ಲಿಯ ಮೊನೆಗಳು ರಬ್ಬರಿನೊಳಕ್ಕೆ ಒತ್ತುತ್ತವೆ. ರಬ್ಬರು ಮತ್ತೆ ತನ್ನ ಆಕಾರಕ್ಕೆ ಬರಲು ತುಸು ತಡಮಾಡುತ್ತದೆ. ಈ ತಡವೇ ಹಿಡಿತದ ಒಂದು ಭಾಗ. ಟೈರು ಬಿಸಿಯಾಗುವುದೂ ಇದರಿಂದಲೇ. ರಬ್ಬರಿನ ಅಣುಗಳು ಕಲ್ಲಿಗೆ ಅಂಟಿಕೊಳ್ಳುವುದು ಇನ್ನೊಂದು ಭಾಗ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಗಿಂತ ಕಡಿಮೆಯೇ ಆಗುತ್ತದೆ. ಆದುದರಿಂದಲೇ ಸ್ಪರ್ಧೆಯ ಗಾಡಿಯಿಂದ ಹಿಂದಿನ ಸೀಟು, ಹಾಸು ಮೊದಲಾದುವನ್ನು ಕಿತ್ತು ತೂಕ ಇಳಿಸುತ್ತಾರೆ. ನಿಯಮ ಒಪ್ಪಿದರೆ ಅಗಲವಾದ ಟೈರುಗಳನ್ನು ಹಾಕುತ್ತಾರೆ.

ವೇಗದ ಮಿತಿಯನ್ನು ಏರಿಸಲು ಇನ್ನೊಂದು ಉಪಾಯವಿದೆ: ತ್ರಿಜ್ಯವನ್ನೇ ದೊಡ್ಡದು ಮಾಡುವುದು. ರಸ್ತೆಯ ಹೊರ ಅಂಚಿನಿಂದ ತಿರುವಿಗೆ ಇಳಿದು, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ತೇಲಿದರೆ, 50 ಮೀಟರಿನ ತಿರುವಿನಲ್ಲಿ ಗಾಡಿ 70 ಮೀಟರು ತ್ರಿಜ್ಯದ ಹಾದಿಯನ್ನು ಹಿಡಿಯಬಲ್ಲುದು. ಆಗ ಮಿತಿ 67ರಿಂದ 79ಕ್ಕೆ ಏರುತ್ತದೆ. ಪದ್ಮಿನಿಯ 1089 ಘನ ಸೆಂಟಿಮೀಟರಿನ ಎಂಜಿನ್ನು ಸುಮಾರು ನಲವತ್ತು ಅಶ್ವಶಕ್ತಿಯದು. ತಿರುವಿನಲ್ಲಿ ಕಳೆದುಕೊಂಡ ಇಪ್ಪತ್ತು ಕಿಲೋಮೀಟರು ವೇಗವನ್ನು ಮರಳಿ ಗಳಿಸಲು ಅದಕ್ಕೆ ನಾಲ್ಕೈದು ಸೆಕೆಂಡಾದರೂ ಬೇಕು. ಬಲಹೀನವಾದ ಗಾಡಿಗೆ ವೇಗವನ್ನು ಗಳಿಸುವುದಕ್ಕಿಂತ ಕಾಪಾಡಿಕೊಳ್ಳುವುದೇ ಮುಖ್ಯ. ಆದರೆ ಗಮನಿಸಿರಿ: ಹೀಗೆ ಅಂಚಿನಿಂದ ಅಂಚಿಗೆ ಓಡುವವನು ಎದುರಿನಿಂದ ಬರುವವರ ಪಾಲಿನ ರಸ್ತೆಯನ್ನೂ ತೆಗೆದುಕೊಂಡಿರುತ್ತಾನೆ. ಕಿರುಗಾವಲಿನ ತಿರುವಿನಾಚೆ ಕಬ್ಬಿನ ಗಾಡಿಯೋ ಬಂಡೂರು ಕುರಿಗಳ ಹಿಂಡೋ ಇದ್ದರೆ?

ಬ್ರೇಕಿನ ಮಾತಿಗೆ ಬರೋಣ. ಹಳೆಯ ಗಾಡಿಯ ನಿಜವಾದ ಸಂಕಟ ಇಲ್ಲಿದೆ. ಬ್ರೇಕು ಒತ್ತಿದಾಗ ಹಿಂದಿನ ಗಾಲಿಗಳ ಮೇಲಿದ್ದ ಭಾರದಲ್ಲಿ ಒಂದು ಪಾಲು ಮುಂದಿನವುಗಳ ಮೇಲಕ್ಕೆ ವಾಲುತ್ತದೆ. 1100ರ ಮುಂದಿನ ಹಿಂದಿನ ಗಾಲಿಗಳ ನಡುವಣ ಅಂತರ 2.34 ಮೀಟರು, ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರು ಎತ್ತರದಲ್ಲಿದೆಯೆಂದು ಹಿಡಿದರೆ, ಜೋರಾಗಿ ಬ್ರೇಕು ಹಾಕಿದಾಗ ಸುಮಾರು 150 ಕಿಲೋಗ್ರಾಂ ಭಾರ ಮುಂದಕ್ಕೆ ಸರಿಯುತ್ತದೆ. ಹಗುರವಾದ ಹಿಂದಿನ ಗಾಲಿಗಳು ಸುಲಭವಾಗಿ ಬಿಗಿದು ನಿಂತು ಜಾರತೊಡಗುತ್ತವೆ. ತಿರುವಿನ ನಡುವೆ ಹೀಗಾದರೆ ಗಾಡಿಯ ಬಾಲ ಮುಂದಕ್ಕೆ ಬರುತ್ತದೆ. ಆದುದರಿಂದ ನುರಿತವರು ತಿರುವಿಗೆ ಮೊದಲೇ, ನೇರವಾದ ದಾರಿಯಲ್ಲಿ, ಬ್ರೇಕಿನ ಕೆಲಸವನ್ನು ಬಹುಮಟ್ಟಿಗೆ ಮುಗಿಸುತ್ತಾರೆ.

ಗಂಟೆಗೆ 90 ಕಿಲೋಮೀಟರು ವೇಗದ, ಒಂದು ಸಾವಿರ ಕಿಲೋಗ್ರಾಂ ತೂಕದ ಗಾಡಿಯಲ್ಲಿರುವ ಚಲನಶಕ್ತಿ 3,12,500 ಜೌಲು. ಒಂದು ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾದ ಉಷ್ಣವೂ ಹೆಚ್ಚುಕಡಿಮೆ ಇಷ್ಟೇ. ಒಂದೊಂದು ಸಲ ಗಾಡಿ ನಿಂತಾಗಲೂ ಬ್ರೇಕುಗಳ ಮೇಲೆ ಒಂದು ಲೀಟರು ನೀರು ಕುದಿಸುವಷ್ಟು ಬಿಸಿ ಸುರಿಯುತ್ತದೆ. ಪದ್ಮಿನಿಯ ನಾಲ್ಕು ಬ್ರೇಕುಗಳೂ ಡ್ರಮ್ಮಿನವು: ಬೀಡುಕಬ್ಬಿಣದ ಬೋಗುಣಿಯ ಒಳಮೈಗೆ ಎರಡು ಲಾಳಗಳು ಒತ್ತುತ್ತವೆ. ಡ್ರಮ್ಮುಗಳ ಒಟ್ಟು ತೂಕ 20 ಕಿಲೋಗ್ರಾಂ ಎಂದುಕೊಂಡರೆ ಒಂದು ನಿಲುಗಡೆಗೆ ಅವುಗಳ ಬಿಸಿ ಸುಮಾರು 34 ಡಿಗ್ರಿ ಏರುತ್ತದೆ. ಘಾಟಿಯ ಇಳಿಜಾರಿನಲ್ಲಿ ಹತ್ತು ತಿರುವುಗಳು ಒಂದರ ಹಿಂದೊಂದು ಬಂದರೆ? ಬಿಸಿಗೆ ಡ್ರಮ್ಮು ಹಿಗ್ಗಿ ಲಾಳದಿಂದ ದೂರ ಸರಿಯುತ್ತದೆ. ಲಾಳದ ಪದರಿನ ಘರ್ಷಣೆ ಇಳಿಯುತ್ತದೆ. ಹಳೆಯ ಬ್ರೇಕು ದ್ರವದಲ್ಲಿ ತೇವ ಸೇರಿದ್ದರೆ ಅದು ಕುದಿದು ಗುಳ್ಳೆಯೇಳುತ್ತದೆ. ಕಾಲು ಒತ್ತಿದರೂ ಗಾಡಿ ನಿಲ್ಲದು. ಗಾಳಿಗೆ ತೆರೆದುಕೊಂಡಿರುವ ತಟ್ಟೆಯ ಬ್ರೇಕುಗಳು ಈ ಕಷ್ಟವನ್ನು ಬಹಳ ಮಟ್ಟಿಗೆ ನೀಗಿದುವು. 1972ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದ ಇಟಲಿಯ ಲಾಂಚಿಯಾ ಫುಲ್ವಿಯಾ ಗಾಡಿಗೆ ನಾಲ್ಕು ಗಾಲಿಗಳಿಗೂ ಇಂತಹವೇ ಇದ್ದುವು.

ಚಾಲಕನಿಗೆ ತಿರುವು ಕಾಣುವ ಮೊದಲೇ ಅದರ ಸ್ವಭಾವ ತಿಳಿಯಬೇಕಷ್ಟೆ. ಅದನ್ನು ತಿಳಿಸುವವನು ಪಕ್ಕದಲ್ಲಿ ಕುಳಿತ ಸಹಚಾಲಕ. ಇಟಲಿಯ ‘ಮಿಲ್ಲೆ ಮಿಲ್ಯಾ’ ಎಂದರೆ ಸಾವಿರ ಮೈಲಿ. ಬ್ರೆಷ್ಯಾದಿಂದ ರೋಮಿಗೆ ಹೋಗಿ ಮರಳುವ ಈ ಸ್ಪರ್ಧೆ 1927ರಲ್ಲಿ ಆರಂಭವಾಯಿತು. 1955ರಲ್ಲಿ ಸ್ಟರ್ಲಿಂಗ್ ಮಾಸ್ ಜರ್ಮನಿಯ ಮರ್ಸಿಡಿಸ್ ಗಾಡಿಯಲ್ಲಿ ಇದನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರು. ಪಕ್ಕದಲ್ಲಿದ್ದ ಪತ್ರಕರ್ತ ಡೆನಿಸ್ ಜೆಂಕಿನ್ಸನ್ ದಾರಿಯ ವಿವರಗಳನ್ನೆಲ್ಲ ಮೊದಲೇ ಬರೆದು, ಐದು ಮೀಟರಿಗೂ ಉದ್ದವಾದ ಕಾಗದದ ಸುರುಳಿಯನ್ನು ಒಂದು ಪೆಟ್ಟಿಗೆಯಲ್ಲಿಟ್ಟು ತಿರುಗಿಸುತ್ತ ಓದಿದರು. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳದಾದುದರಿಂದ ಕೈಸನ್ನೆಗಳಿಂದ ತಿಳಿಸಿದರು. ಗುಡ್ಡದ ಆಚೆಗೆ ದಾರಿ ನೇರವೆಂದು ಸನ್ನೆ ಬಂದರೆ, ಕಾಣದ ದಾರಿಯನ್ನು ನಂಬಿ ವೇಗ ತಗ್ಗಿಸದೆ ಓಡಿಸಬೇಕು! ಚಾಲಕನಿಗಿಂತ ಈ ಸಹಚಾಲಕನ ಕೆಲಸವೇ ನಮಗೆ ಹೆಚ್ಚಿನದಾಗಿ ತೋರುತ್ತದೆ.

ಎರಡೇ ವರ್ಷಗಳ ತರುವಾಯ, 1957ರಲ್ಲಿ, ಗ್ವಿದಿಟ್ಸೊಲೊ ಎಂಬ ಊರಿನ ಬಳಿ ಒಂದು ಫೆರಾರಿಯ ಟೈರು ಸಿಡಿಯಿತು. ಚಾಲಕ, ಸಹಚಾಲಕ, ದಾರಿಯ ಬದಿಯಲ್ಲಿ ನೋಡುತ್ತಿದ್ದ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಅಲ್ಲಿಗೆ ಆ ಓಟ ನಿಂತಿತು. ಜನರನ್ನು ದೂರವಿಟ್ಟು ರಸ್ತೆಯನ್ನು ಮುಚ್ಚಿ ನಡೆಸಿದರೂ ಅಪಾಯ ಪೂರ್ತಿ ಹೋಗದು. ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿ 1992ರಿಂದ ಹೆಸರುವಾಸಿಯಾದ ಡಾಂಬರು ರ‍್ಯಾಲಿಯೊಂದು ನಡೆಯುತ್ತಿತ್ತು. 2021ರಲ್ಲಿ ಮೂವರು, 2022ರಲ್ಲಿ ಒಬ್ಬರು ಸ್ಪರ್ಧಿಗಳು ಅದರಲ್ಲಿ ಪ್ರಾಣ ಕಳೆದುಕೊಂಡ ಮೇಲೆ ಅಲ್ಲಿಯ ಇಂತಹ ಸ್ಪರ್ಧೆಗಳನ್ನು ತಡೆಹಿಡಿದರು. ನಮ್ಮಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 189ನೆಯ ಕಲಮಿನಂತೆ, ರಾಜ್ಯ ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವುದೂ ಅದರಲ್ಲಿ ಭಾಗವಹಿಸುವುದೂ ಶಿಕ್ಷಾರ್ಹ. ಒಕ್ಕಣೆಯ ಕಾಲದಲ್ಲಿ ರಸ್ತೆಯನ್ನೇ ಕಣ ಮಾಡಿಕೊಳ್ಳುವ ನಮ್ಮ ಸೀಮೆಯಲ್ಲಿ ಈ ಕಲಮಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಹಳೆಯ ಗಾಡಿಗಳು ಕೊಟ್ಟಿಗೆಯಲ್ಲೇ ಇರಬೇಕೆ? 1977ರಿಂದ ಮಿಲ್ಲೆ ಮಿಲ್ಯಾ ಬೇರೊಂದು ರೂಪದಲ್ಲಿ ಮತ್ತೆ ನಡೆಯುತ್ತಿದೆ. 1957ರವರೆಗಿನ ಓಟಗಳಲ್ಲಿ ಪಾಲ್ಗೊಂಡ ಮಾದರಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ಈಗ ಗೆಲ್ಲುವವನು ಮೊದಲು ಬಂದವನಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಬಂದವನು. ಮುಂದಾಗಿ ಬಂದರೂ ದಂಡ, ತಡವಾಗಿ ಬಂದರೂ ದಂಡ. ನಮ್ಮ ದೇಶದಲ್ಲಿಯೂ ಇಂತಹ ಕಾಲ-ವೇಗ-ದೂರದ ರ‍್ಯಾಲಿಗಳು ರೂಢಿಯಲ್ಲಿವೆ.

ಇದು ಸಪ್ಪೆಯಾದ ಆಟವೆಂದು ತಿಳಿಯಬಾರದು. ಕಿರುಗಾವಲಿನ ಕಡೆಗೆ 12 ಕಿಲೋಮೀಟರನ್ನು ಗಂಟೆಗೆ 48ರ ವೇಗದಲ್ಲಿ ಕ್ರಮಿಸಬೇಕೆಂದು ಆಜ್ಞೆಯಾಯಿತೆನ್ನೋಣ. ಸರಿಯಾಗಿ 15 ನಿಮಿಷ. ದೂರವನ್ನು ತೋರಿಸುವ ಯಂತ್ರ ಗಾಲಿಯ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ರಸ್ತೆಯನ್ನು ಅಳೆಯುವುದಿಲ್ಲ. ಗಾಲಿಯ ತ್ರಿಜ್ಯ 30 ಸೆಂಟಿಮೀಟರು. ಟೈರು ನಾಲ್ಕು ಮಿಲಿಮೀಟರು ಸವೆದರೆ 29.6. ಒಂದೊಂದು ಸುತ್ತಿಗೂ ಗಾಡಿ ಚಲಿಸುವ ದೂರ ನೂರಕ್ಕೆ 1.3ರಷ್ಟು ಕಡಿಮೆಯಾಯಿತು. 12 ಕಿಲೋಮೀಟರಿನಲ್ಲಿ ತಪ್ಪು 160 ಮೀಟರು; ಕಾಲದಲ್ಲಿ ಹನ್ನೆರಡು ಸೆಕೆಂಡು. ಸೆಕೆಂಡಿಗೊಂದು ಅಂಕ ದಂಡವಿರುವಲ್ಲಿ, ಟೈರಿನ ನಾಲ್ಕು ಮಿಲಿಮೀಟರಿನಿಂದಲೇ ಹನ್ನೆರಡು ಅಂಕ ಹೋದಂತಾಯಿತು. ಆದುದರಿಂದ ಬಲ್ಲ ಸಹಚಾಲಕನು ಹೊರಡುವ ಮೊದಲು ಅಳತೆ ಗೊತ್ತಿರುವ ದಾರಿಯಲ್ಲಿ ಗಾಡಿಯನ್ನು ಓಡಿಸಿ, ಯಂತ್ರ ತೋರಿಸಿದ ದೂರಕ್ಕೂ ನಿಜವಾದ ದೂರಕ್ಕೂ ಇರುವ ಪ್ರಮಾಣವನ್ನು ಬರೆದಿಟ್ಟುಕೊಳ್ಳುತ್ತಾನೆ. ದಾರಿಯುದ್ದಕ್ಕೂ ಅದರಿಂದ ಗುಣಿಸುತ್ತ ಹೋಗುತ್ತಾನೆ.

ಓದುಗರು ಇದನ್ನು ಬೈಸಿಕಲ್ಲಿನಿಂದ ಮಾಡಿ ನೋಡಬಹುದು. ಹಿಂದಿನ ಗಾಲಿಯ ಟೈರಿಗೆ ಸುಣ್ಣದ ಗುರುತು ಹಾಕಿ, ಎರಡು ಕಿಲೋಮೀಟರು ಕಲ್ಲುಗಳ ನಡುವೆ ಅದು ಎಷ್ಟು ಸುತ್ತು ತಿರುಗಿತೆಂದು ಸೈಕಲನ್ನು ತಳ್ಳಿಕೊಂಡು ನಡೆಯುತ್ತ ಎಣಿಸಿರಿ. ಮರುದಿನ ಗಾಳಿಯನ್ನು ತುಸು ಇಳಿಸಿ, ಸಂಗಡಿಗನೊಬ್ಬನನ್ನು ಹಿಂದೆ ಕೂರಿಸಿ ಮತ್ತೆ ಎಣಿಸಿರಿ. ಸುತ್ತುಗಳ ಸಂಖ್ಯೆ ಮೊದಲಿನಷ್ಟೇ ಬರುವುದಿಲ್ಲ.